ಅತ್ತೆಯ ಹೆಸರಿನ ಪಕ್ಕದ ಖಾಲಿ ಅಂಚು

ಮದರಾಸಿನಲ್ಲಿ ನಾನು ಕನ್ನಡ ಮಾತಾಡುತ್ತಿದ್ದದ್ದು ಒಬ್ಬನೇ ಒಬ್ಬ ಮನುಷ್ಯನ ಜೊತೆ. ಅವನು ನನ್ನ ಅಪ್ಪ. ಕಾರ್ಪೊರೇಷನ್ ಶಾಲೆಯಲ್ಲಿ ನಾನು ಪಾಠ ಹೇಳುವುದು ತಮಿಳಿನಲ್ಲಿ, ಚರ್ಚಿನಲ್ಲಿ ಜಪ ತಮಿಳಿನಲ್ಲಿ, ಪೂಜೆ ಲ್ಯಾಟಿನ್ನಿನಲ್ಲಿ, ಹೆಡ್‌ಮಿಸ್ಟ್ರೆಸ್ ನನ್ನನ್ನು ಬೈಯುವುದು ಇಂಗ್ಲಿಷಿನಲ್ಲಿ. ಸಂಜೆ ಪೆರಂಬೂರಿನ ಒಂದೂವರೆ ಕೋಣೆಯ ಮನೆಗೆ ಬಂದು, ಚಪ್ಪಲಿ ಬಿಟ್ಟು, "ಅಪ್ಪಾ, ಉಂಡ್ಯಾ?" ಎಂದು ಕೇಳಿದಾಗಲೇ ಬಾಯಿಗೆ ಕನ್ನಡ ಬರುತ್ತಿತ್ತು. ನಾನು ಚಿಕ್ಕವಳಿದ್ದಾಗಲೇ ಅಮ್ಮ ಬೆಂಗಳೂರಿನ ಕಡೆಯ ತನ್ನ ತವರಿನಲ್ಲಿ ತೀರಿಕೊಂಡಿದ್ದಳು. ಆಮೇಲೆ ಆ ಕಡೆಯವರ ಹೋಗುಬರುವಿಕೆ ನಿಂತೇಹೋಯಿತು. ನನಗೆ ಒಡಹುಟ್ಟಿದವರಿಲ್ಲ. ಮದುವೆಯೂ ಆಗಲಿಲ್ಲ. ಯಾಕಾಗಲಿಲ್ಲ ಎಂದು ಕೇಳಿದವರಿಗೆ ನಾನು ಕೊಡುತ್ತಿದ್ದ ಉತ್ತರ ಕೇಳಿ ಯಾರೂ ಎರಡನೆಯ ಸಲ ಆ ಮಾತೆತ್ತುತ್ತಿರಲಿಲ್ಲ. ನನ್ನ ನಾಲಿಗೆ ಹಾಗಿತ್ತು, ಈಗಲೂ ಹಾಗೇ ಇದೆ.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣ ಬಡಿಯುವ ಕೆಲಸ ಮಾಡಿ, ಐವತ್ತರ ದಶಕದ ನಡುವೆ ರಿಟೈರ್ ಆದ. ಅವನ ಕಿವಿ ಅರ್ಧ ಮಂದ, ಮಾತು ಮಾತ್ರ ಪೂರಾ ಜೋರು. ಅವನ ಅಪ್ಪ ಯಾವುದೋ ದೊರೆಯ ಕುದುರೆಗಳ ಜೊತೆ ಬೆಂಗಳೂರಿನ ದಂಡಿನಿಂದ ಮದರಾಸಿಗೆ ಬಂದವನಂತೆ. ಅಪ್ಪನಿಗೆ ಏಳೋ ಎಂಟೋ ವಯಸ್ಸಿದ್ದಾಗ ಅವನ ಅವ್ವ ಹೆರಿಗೆಯಲ್ಲಿ ಸತ್ತಳು. ಅವಳನ್ನು ಊರಿನ ಉತ್ತರಕ್ಕಿದ್ದ ಚರ್ಚಿನ ಸ್ಮಶಾನದಲ್ಲಿ ಹೂಳಿದರು. ಅದಾದ ಮುಂದಿನ ವರ್ಷವೇ ಅಜ್ಜ ತನ್ನ ಮಗಳನ್ನು, ಅಂದರೆ ಅಪ್ಪನ ಅಕ್ಕನನ್ನು, ಒಬ್ಬ ದೊರೆಸಾನಿಯ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸಕ್ಕೆ ಕಳಿಸಿಬಿಟ್ಟ. ಮೊದಲು ಊಟಿಗೆ ಹೋಗುತ್ತಾರೆ, ವರ್ಷದೊಳಗೆ ವಾಪಸ್ ಬರುತ್ತಾರೆ ಎಂಬ ಮಾತಾಗಿತ್ತಂತೆ. ಅವಳು ಬರಲಿಲ್ಲ. ಎಲ್ಲಿದ್ದಾಳೆಂದು ಒಂದು ಸುದ್ದಿಯೂ ಬರಲಿಲ್ಲ. ಅಜ್ಜ ಸತ್ತ ಮೇಲೆ ಕೇಳುವವರೂ ಇರಲಿಲ್ಲ.

ನನ್ನ ಈ ಅತ್ತೆ ಬದುಕಿದ್ದಾಳೆ, ಈ ಮದರಾಸಿನಲ್ಲೇ ಇದ್ದಾಳೆ ಎಂದು ಅಪ್ಪ ನಂಬಿದ್ದ. ಬರಿಯ ನಂಬಿಕೆಯಲ್ಲ, ಅವನ ಹತ್ತಿರ ಸಾಕ್ಷಿ ಇತ್ತು. ನವೆಂಬರ್ ಎರಡನೆಯ ತಾರೀಖು ನಮ್ಮವರಿಗೆ ಸತ್ತವರ ಹಬ್ಬ. ತಮಿಳರು ಕಲ್ಲರೈ ತಿರುನಾಳ್ ಎನ್ನುತ್ತಾರೆ. ಅಂದು ಎಲ್ಲರೂ ಮನೆಯವರ ಗೋರಿಗಳಿಗೆ ಹೋಗಿ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಅಪ್ಪ ಒಂದು ವಾರ ಮುಂಚೆಯೇ ಭಾನುವಾರ ಹೋಗಿ ಅವ್ವನ ಗೋರಿಗೆ ಸುಣ್ಣ ಬಳಿದು ಬರುತ್ತಿದ್ದ. ಹಬ್ಬದ ಬೆಳಿಗ್ಗೆ ನಾವಿಬ್ಬರೂ ಹೋದರೆ, ಅಷ್ಟರಲ್ಲಿ ಯಾರೋ ಬಂದು ಹೋಗಿರುತ್ತಿದ್ದರು. ಸುತ್ತ ಗುಡಿಸಿರುತ್ತಿತ್ತು. ಉರಿದು ಮುಗಿದ ಎರಡು ಮೇಣದಬತ್ತಿಗಳ ತುಂಡು, ಒಂದು ಮೊಳ ಬಾಡಿದ ಕನಕಾಂಬರ.

"ಬಂದವಳೆ ಕಣವ್ವ ನಿಮ್ಮತ್ತೆ!" ಎಂದು ಅಪ್ಪ ಅಕ್ಕಪಕ್ಕದವರೆಲ್ಲ ತಿರುಗಿ ನೋಡುವಂತೆ ಕೂಗುತ್ತಿದ್ದ. "ನೋಡು, ಎಷ್ಟು ಚೆಂದಾಗಿ ಗುಡಿಸವಳೆ. ಇನ್ಯಾರು ಬತ್ತಾರೆ? ಅವ್ವ ಮಲಗಿರೋ ಜಾಗ ಗೊತ್ತಿರೋದು ನನಗೆ, ಅವಳಿಗೆ. ಇನ್ಯಾರಿಗೆ ಗೊತ್ತು?"

ಮೊದಲ ಮಹಾಯುದ್ಧದ ಕಾಲದಲ್ಲಿ ರೈಲ್ವೆಯವರು ಅಪ್ಪನನ್ನು ಬಸ್ರಾಕ್ಕೆ ಕಳಿಸಿದ್ದರು. ಕೆಲವು ವರ್ಷ ಬಿಟ್ಟು ಅವನು ತಿರುಗಿ ಬಂದ ಮೊದಲ ಹಬ್ಬದಲ್ಲೇ ಇದನ್ನು ಕಂಡನಂತೆ. ಆಗಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಅಮ್ಮ ಸತ್ತ ಮೇಲೆ, ಎರಡನೆಯ ಯುದ್ಧ ಇನ್ನೂ ನಡೆಯುತ್ತಿದ್ದಾಗ, ಅಪ್ಪ ಆ ಮಣ್ಣಿನ ದಿಬ್ಬಕ್ಕೆ ಇಟ್ಟಿಗೆ ಕಟ್ಟಿ ಗಾರೆ ಮೆತ್ತಿದ. ವರ್ಷವರ್ಷ ಸುಣ್ಣ ಬಳಿಯತೊಡಗಿದ. ತನ್ನ ಕೈಯಾರೆ ಒಂದು ಕಬ್ಬಿಣದ ಶಿಲುಬೆ ಮಾಡಿ ತಲೆಯ ಕಡೆ ನೆಟ್ಟ. ಅದರ ಮೇಲೆ ಹೆಸರಿಲ್ಲ. ಯಾಕಪ್ಪಾ ಎಂದರೆ, "ಅವಳಿಗೆ ನಾನಿದೀನಿ ಅಂತ ಗೊತ್ತಾದ್ರೆ ಸಾಕು" ಎನ್ನುತ್ತಿದ್ದ.

ನನಗೆ ಸಿಟ್ಟು ಬರುತ್ತಿತ್ತು. "ಹಿಂದಿನ ದಿನವೇ ಹೋಗಿ ಕಾದರೆ ಸಿಕ್ತಾಳಲ್ಲಪ್ಪಾ, ಮೊಂಡು ಹಿಡೀಬೇಡ" ಎಂದು ಎಷ್ಟು ಸಲ ಹೇಳಿದ್ದೇನೋ. ಆ ಮಾತಿಗೆ ಮಾತ್ರ ಅಪ್ಪನ ದನಿ ಇಳಿದುಹೋಗುತ್ತಿತ್ತು. ಅಕ್ಕ ಹೊರಟ ದಿನ ದೊರೆಸಾನಿ ಅವನ ಕೈಗೆ ಒಂದು ಡಬ್ಬಿ ಬಿಸ್ಕತ್ತು ಕೊಟ್ಟಿದ್ದಳಂತೆ. ಅಕ್ಕ ಬಾಗಿಲಲ್ಲಿ ನಿಂತು ಕರೆದಳಂತೆ. ಇವನು ಬಿಸ್ಕತ್ತು ತಿನ್ನುತ್ತಾ ತಲೆಯೇ ಎತ್ತಲಿಲ್ಲವಂತೆ. "ಅವಳಿಗೆ ಕೋಪ ಐತೆ. ಇರ್ಲಿ. ಕಳ್ಳನ ಹಿಡಿದಂಗೆ ಅವಳನ್ನ ಹಿಡಿಯಾದು ಬ್ಯಾಡ. ಅವಳಾಗೇ ಬತ್ತಾಳೆ."

ಅಲ್ಲ, ಅರವತ್ತು ದಾಟಿದ ಮನುಷ್ಯ, ಎಂಟು ವರ್ಷದವನಾಗಿದ್ದಾಗ ತಿಂದ ಬಿಸ್ಕತ್ತಿಗೆ ಹೆದರಿಕೊಂಡು ಕೂತಿದ್ದಾನಲ್ಲ, ಇವನಿಗೆ ಏನು ಹೇಳುವುದು? ಹಾಗೆಂದು ಅವನನ್ನು ರೇಗಿಸುತ್ತಿದ್ದೆ. ಆದರೆ ನಿಜ ಹೇಳುತ್ತೇನೆ, ಆ ಅತ್ತೆ ಇರಬೇಕೆಂದು ನನಗೂ ಆಸೆ ಇತ್ತು. ಅಪ್ಪನ ಉಸಿರು ಆಗಲೇ ಕೆಟ್ಟಿತ್ತು. ಅವನಾದ ಮೇಲೆ ನಾನು ಯಾರಿಗೆ "ಉಂಡ್ಯಾ" ಎಂದು ಕೇಳಲಿ? ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಒಬ್ಬ ಮುದುಕಿ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಕನ್ನಡದಲ್ಲಿ ಜಗಳ ಆಡುವುದನ್ನು ನಾನು ಬಸ್ಸಿನಲ್ಲಿ ಕೂತು ಕಲ್ಪಿಸಿಕೊಳ್ಳುತ್ತಿದ್ದೆ. ಕಲ್ಪನೆಯಲ್ಲಿ ಗೆಲ್ಲುತ್ತಿದ್ದದ್ದು ಅವಳೇ.

ಅಪ್ಪನಿಗೆ ಮೆಟ್ಟಿಲು ಹತ್ತಲಾಗದಷ್ಟು ಉಬ್ಬಸ ಬಂದ ವರ್ಷ ಅವನೇ ಬಾಯಿ ಬಿಟ್ಟ. "ನನ್ನ ಕೈಲಿ ಇನ್ನು ಕಾಯಕ್ಕಾಗಲ್ಲ ಮಗಾ. ಅವಳು ಎಲ್ಲವಳೆ ಅಂತ ಹುಡುಕಿಕೊಡು. ನೀನು ಓದಿದೋಳು."

ಓದಿದವಳು ಎಂದರೆ ಎಲ್ಲಿಂದ ಹುಡುಕುವುದು? ನನಗೆ ಹೊಳೆದದ್ದು ಚರ್ಚಿನ ರಿಜಿಸ್ಟರು. ನಮ್ಮಂಥವರ ಮನೆಯಲ್ಲಿ ಪತ್ರವಿಲ್ಲ, ಪಹಣಿಯಿಲ್ಲ, ಜಾತಕವಂತೂ ಇಲ್ಲವೇ ಇಲ್ಲ. ಹುಟ್ಟಿದಾಗ ಒಂದು ಸಲ, ಮದುವೆಗೆ ಒಂದು ಸಲ, ಸತ್ತಾಗ ಒಂದು ಸಲ ಪಾದ್ರಿಗಳು ಬರೆದಿಟ್ಟ ಸಾಲೇ ನಮ್ಮ ವಂಶಾವಳಿ. ಅಪ್ಪನಿಗೆ ಕೂಸಾಗಿದ್ದಾಗ ಜ್ಞಾನಸ್ನಾನ ಮಾಡಿಸಿ ಹೆಸರಿಟ್ಟ ಚರ್ಚು ಹಡಗುಕಟ್ಟೆಯ ಕಡೆಗಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋದೆ.

ಫಾದರ್ ನನಗಿಂತ ಚಿಕ್ಕವರು, ತಮಿಳರು. ವಂಶ ಹುಡುಕುತ್ತಿದ್ದೇನೆ ಎಂದಾಗ ಅವರು ನಕ್ಕರು. "ಆಂಗ್ಲೋ-ಇಂಡಿಯನ್ನರು ಬರುತ್ತಾರೆ ಟೀಚರ್, ಆಸ್ಟ್ರೇಲಿಯಾಕ್ಕೆ ಹೋಗಬೇಕು, ಅಜ್ಜ ಬಿಳಿಯನೆಂದು ತೋರಿಸಬೇಕು ಅಂತ. ನಿಮಗೆ ಯಾತಕ್ಕೆ?" ನನ್ನ ಅಜ್ಜ ಬಿಳಿಯನಲ್ಲ, ಬಿಳಿಯರ ಕುದುರೆಗೆ ಹುಲ್ಲು ಹಾಕುತ್ತಿದ್ದವನು ಎಂದೆ. ಅವರು ನಗು ನಿಲ್ಲಿಸಿ ಬೀರು ತೆಗೆದರು. ಒಳ್ಳೆಯ ಮನುಷ್ಯ. ಕೊನೆಯವರೆಗೂ ನನಗೆ ಸಹಾಯ ಮಾಡಿದರು.

ರಿಜಿಸ್ಟರೆಲ್ಲ ಲ್ಯಾಟಿನ್. ಪುಟಗಳು ಗೆದ್ದಲು ತಿಂದು ತೂತು ಬಿದ್ದಿದ್ದವು. ಅಪ್ಪನ ವಯಸ್ಸು ಅಂದಾಜು ಮಾಡಿ ನಾವು ಹಿಂದಕ್ಕೂ ಮುಂದಕ್ಕೂ ಮಗುಚಿದೆವು. ಕೆಲವು ಶನಿವಾರಗಳು ಹಾಗೇ ಹೋದವು. ಮೊದಲು ಅಪ್ಪ ಸಿಕ್ಕಿದ. ಅವನಿಗಿಂತ ಕೆಲವು ಪುಟ ಹಿಂದೆ ಅತ್ತೆ ಸಿಕ್ಕಿದಳು. ಮಗುವಿನ ಹೆಸರು, ತಂದೆ, ತಾಯಿ, ಜ್ಞಾನಸ್ನಾನಕ್ಕೆ ಜೊತೆ ನಿಂತ ಜ್ಞಾನ ತಂದೆತಾಯಿಗಳು. ತಂದೆಯ ಹೆಸರಿನ ಮುಂದೆ ಯಾರೋ ವಿದೇಶೀ ಪಾದ್ರಿ ಓರೆಯಾದ ಅಕ್ಷರದಲ್ಲಿ 'ಕೆನರೀಸ್', ಅಂದರೆ ಕನ್ನಡದವನು, ಎಂದು ಬರೆದಿದ್ದರು. ಆ ಪುಟದಲ್ಲಿ ಉಳಿದ ಯಾರಿಗೂ ಹಾಗೆ ಬರೆದಿರಲಿಲ್ಲ, ಬರೆಯುವ ಅಗತ್ಯವಿರಲಿಲ್ಲ. ಅಷ್ಟು ಜನ ತಮಿಳರ ನಡುವೆ ನಮ್ಮವರು ಒಬ್ಬರೇ. ಫಾದರ್‌ಗೆ ನನ್ನ ಮುಖ ಕಾಣಬಾರದೆಂದು ಧೂಳಿಗೆ ಸೀನಿದಂತೆ ಮಾಡಿದೆ.

"ಅಂಚು ನೋಡಿ" ಎಂದರು ಫಾದರ್. ನನಗೆ ಗೊತ್ತಿರದಿದ್ದ ವಿಷಯ ಅದು. ನಮ್ಮ ಚರ್ಚಿನಲ್ಲಿ ಯಾರು ಎಲ್ಲೇ ಮದುವೆಯಾದರೂ, ಆ ಊರಿನ ಪಾದ್ರಿ, ಅವರು ಜ್ಞಾನಸ್ನಾನ ಪಡೆದ ಚರ್ಚಿಗೆ ಒಂದು ಚೀಟಿ ಕಳಿಸಬೇಕು. ಇಲ್ಲಿಯವರು ಹಳೆಯ ರಿಜಿಸ್ಟರು ತೆಗೆದು ಆ ಮಗುವಿನ ಸಾಲಿನ ಪಕ್ಕದ ಅಂಚಿನಲ್ಲಿ ಯಾರ ಜೊತೆ, ಯಾವ ಊರಿನಲ್ಲಿ ಮದುವೆ ಎಂದು ಬರೆಯಬೇಕು. ಹುಡುಗಿ ರಂಗೂನಿನಲ್ಲೇ ತಾಳಿ ಕಟ್ಟಿಸಿಕೊಳ್ಳಲಿ, ಕೊಲಂಬೊದಲ್ಲೇ ಕಟ್ಟಿಸಿಕೊಳ್ಳಲಿ, ಸುದ್ದಿ ಅವಳ ಜ್ಞಾನಸ್ನಾನದ ಪುಟಕ್ಕೆ ಬಂದು ಸೇರುತ್ತದೆ. ಫಾದರ್ ಪುಟ ತಿರುಗಿಸಿ ತೋರಿಸಿದರು. ಅಂಚುಗಳ ತುಂಬ ಬೇರೆ ಬೇರೆ ಶಾಯಿ, ಬೇರೆ ಬೇರೆ ಊರು. ಅಪ್ಪನ ಅಂಚಿನಲ್ಲಿ ಅಮ್ಮನ ಹೆಸರೂ ಬೆಂಗಳೂರಿನ ಕಡೆಯ ಅವಳ ಚರ್ಚಿನ ಹೆಸರೂ ಇತ್ತು.

ಅತ್ತೆಯ ಅಂಚು ಖಾಲಿ.

"ಅಂದರೆ?" ಎಂದೆ.

"ಮದುವೆ ಆಗದೆ ಇರಬಹುದು. ಚರ್ಚಿನ ಹೊರಗೆ ಆಗಿರಬಹುದು. ಅದಕ್ಕೂ ಮುಂಚೆ ತೀರಿಹೋಗಿರಬಹುದು" ಎಂದರು. ಆಮೇಲೆ ನನ್ನ ಮುಖ ನೋಡಿ, "ಆ ಊರಿನ ಪಾದ್ರಿ ಚೀಟಿ ಕಳಿಸೋದನ್ನ ಮರೆತೂ ಇರಬಹುದು. ನಾವೂ ಮನುಷ್ಯರೇ ಅಲ್ಲವಾ" ಎಂದು ಸೇರಿಸಿದರು.

ಅಜ್ಜಿಯ ಸಾವು ಸತ್ತವರ ರಿಜಿಸ್ಟರಿನಲ್ಲಿ ಸಿಕ್ಕಿತು. ಎಲ್ಲಿ ಹೂಳಿದರೆಂದು ಬರೆದಿರಲಿಲ್ಲ. ಬಡವರ ಗೋರಿಗೆ ನಂಬರು ಹಾಕುತ್ತಿರಲಿಲ್ಲವಂತೆ. ಇನ್‌ಫ್ಲುಯೆಂಜಾ ಬಂದ ವರ್ಷದ ಪುಟಗಳನ್ನೂ ಫಾದರ್ ತೋರಿಸಿದರು. ಸಾಲಿಗೆ ಸಾಲು ಒತ್ತಿ, ಉಸಿರಾಡಲೂ ಜಾಗ ಬಿಡದೆ ಹೆಸರುಗಳು. ಆ ವರ್ಷ ನೆಲ ಸಾಲದೆ ಹಳೆಯ ಗೋರಿಗಳನ್ನೇ ತೆರೆದು ಹೊಸಬರನ್ನು ಮೇಲೆ ಮಲಗಿಸಿದರು ಎಂದು ಹಿರಿಯ ಪಾದ್ರಿಗಳು ಹೇಳುತ್ತಿದ್ದರಂತೆ. ಅಪ್ಪ ಬಸ್ರಾದಲ್ಲಿದ್ದ ಕಾಲ ಅದು. ನನಗೆ ಆಗ ಅದರಿಂದ ಏನೂ ಅನ್ನಿಸಲಿಲ್ಲ. ನಾನು ಹುಡುಕುತ್ತಿದ್ದದ್ದು ಬದುಕಿರುವವಳನ್ನು.

ಹೊರಡುವ ಮುಂಚೆ ಫಾದರ್, "ನಿಮ್ಮದೂ ಇದೇ ಚರ್ಚಾ?" ಎಂದು ಕೇಳಿ, ನಾನು ಬೇಡ ಎನ್ನುವಷ್ಟರಲ್ಲಿ ನನ್ನ ಪುಟ ತೆಗೆದರು. ನನ್ನ ಸಾಲು ನೀಲಿ ಶಾಯಿಯಲ್ಲಿ ಚೊಕ್ಕಟವಾಗಿತ್ತು. ನನ್ನ ಅಂಚೂ ಖಾಲಿ. ಫಾದರ್ ಬೇಗ ಪುಸ್ತಕ ಮುಚ್ಚಿದರು. ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ನಾನು ಹೊರಗೆ ನೋಡಲಿಲ್ಲ. ಒಬ್ಬರ ನಂತರ ಒಬ್ಬರು ಹೆಂಗಸರು, ಇಬ್ಬರ ಪಕ್ಕದಲ್ಲೂ ಬರೆಯಲು ಏನೂ ಇಲ್ಲ. ಅವಳು ನನ್ನ ಅತ್ತೆ ಎನ್ನುವುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

ಮನೆಗೆ ಬಂದು, "ಮದುವೆಯಾದ ಗುರುತಿಲ್ಲ" ಎಂದೆ ಅಪ್ಪನಿಗೆ.

"ಆಗಿರಲ್ಲ ಬುಡು. ನಿನ್ನಂಗೇ ಬಾಯಿ ಜೋರು ಅವಳದು" ಎಂದು ನಕ್ಕ. ನಕ್ಕು ಕೆಮ್ಮು ಹತ್ತಿಸಿಕೊಂಡ.

ಆಮೇಲೆ ಅರವತ್ತೊಂದರ ಜನಗಣತಿ ಬಂತು. ಮೇಷ್ಟರುಗಳಿಗೆ ಯಾವಾಗಲೂ ಬೀಳುವ ಬಿಟ್ಟಿ ಕೆಲಸ. ಉಳಿದ ಟೀಚರುಗಳು ಬಿಸಿಲು, ನಾಯಿ, ಕಾಲುನೋವು ಎಂದು ಗೊಣಗಿದರೆ, ನಾನು ಮಾತ್ರ ಸಂತೋಷದಿಂದ ಒಪ್ಪಿಕೊಂಡೆ. ಯಾಕೆಂದರೆ ಪ್ರತಿ ಮನೆಯಲ್ಲೂ ಮಾತೃಭಾಷೆ ಯಾವುದೆಂದು ಕೇಳಬೇಕಿತ್ತು. ತರಬೇತಿಯಲ್ಲಿ ನಮ್ಮ ಮೇಲಿನ ಅಧಿಕಾರಿಯನ್ನು ಕೇಳಿದೆ, "ಹಿಂದಿನ ಗಣತಿಗಳ ಚೀಟಿ ನೋಡಬಹುದಾ ಸಾರ್? ಒಬ್ಬರನ್ನು ಹುಡುಕಬೇಕಿತ್ತು." ಆತ ಕನ್ನಡಕದ ಮೇಲಿನಿಂದ ನೋಡಿದ. "ಅದನ್ನೆಲ್ಲ ಇಟ್ಟುಕೊಳ್ಳೋದಿಲ್ಲಮ್ಮ. ಲೆಕ್ಕ ಕೂಡಿಸೋವರೆಗೆ ಚೀಟಿ ಬೇಕು. ಆಮೇಲೆ ಅದು ಬರೀ ಕಾಗದ." ಅಂದರೆ ಅತ್ತೆಯನ್ನು ಹತ್ತು ವರ್ಷಕ್ಕೊಮ್ಮೆ ಸರ್ಕಾರ ಬಂದು ಎಣಿಸಿದೆ, ಎಣಿಸಿ ಬಿಸಾಡಿದೆ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

ಮನೆಮನೆ ಅಲೆದೆ. ಗಂಡನ ಹೆಸರು ಹೇಳಲು ಹೆಂಗಸರು ಪಡುತ್ತಿದ್ದ ಪಾಡು ನೋಡಿ ನಗುವೋ ಅಳುವೋ. ಒಬ್ಬಳು ಆಕಾಶದ ಕಡೆ ಕೈ ತೋರಿಸಿದಳು, ಒಬ್ಬಳು ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೇವರನ್ನು ತೋರಿಸಿದಳು, ಇನ್ನೊಬ್ಬಳು ಪಕ್ಕದ ಮನೆಯವಳನ್ನು ಕರೆದು ಹೇಳಿಸಿದಳು. "ಮಾತೃಭಾಷೆ?" ಎಂದು ಕೇಳಿದಾಗ ಮಾತ್ರ ಪೆನ್ನು ಎತ್ತಿ ಹಿಡಿದು ಅವರ ಬಾಯಿಯನ್ನೇ ನೋಡುತ್ತಿದ್ದೆ. ತಮಿಳು, ತಮಿಳು, ತೆಲುಗು, ತಮಿಳು, ಉರ್ದು. ಬಳ್ಳಾರಿ ಕಡೆಯಿಂದ ಬಂದು ಬಟ್ಟೆ ವ್ಯಾಪಾರ ಮಾಡುತ್ತಿದ್ದ ಒಂದು ಮನೆಯಲ್ಲಿ, ಹಣೆಗೆ ವಿಭೂತಿ ಹಚ್ಚಿದ ಅಜ್ಜಿಯೊಬ್ಬಳು, "ನಾವು ಕನ್ನಡದವ್ರೇ ಅಮ್ಮಾ, ಆನಾ ಪಿಳ್ಳೆಗಳೆಲ್ಲಾ ತಮಿಳೇ ಪೇಸ್ತಾವೆ" ಎಂದಳು. ಮಕ್ಕಳೆಲ್ಲ ಮಾತಾಡುವುದು ತಮಿಳೇ ಅಂತೆ. ನಾನು ಕನ್ನಡದಲ್ಲಿ ಮಾತು ಮುಂದುವರಿಸಿದೆ. ಅಜ್ಜಿಗೆ ಖುಷಿಯೋ ಖುಷಿ. ಮಜ್ಜಿಗೆ ಕೊಟ್ಟಳು. ಕೊಡುತ್ತಾ, "ನೀವು ಯಾವ ಜನ?" ಎಂದಳು. ಕ್ರಿಸ್ತರವರು ಎಂದೆ. "ಓ, ಹಾಗಾ" ಎಂದವಳು ನಾನು ಕುಡಿದಿಟ್ಟ ಲೋಟವನ್ನು ಒಳಗೆ ಒಯ್ಯದೆ ಹೊರಗಿನ ಕಲ್ಲಿನ ಮೇಲೇ ಬಿಟ್ಟಳು. ಇರಲಿ. ಅವಳ ಮಾತೃಭಾಷೆ ಕನ್ನಡ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋದೆ.

ಗಣತಿ ಮುಗಿಯುವ ಹೊತ್ತಿಗೆ ಅತ್ತೆ ನನ್ನ ಪಾಲಿನ ಯಾವ ಬೀದಿಯಲ್ಲೂ ಇರಲಿಲ್ಲ. ಅಪ್ಪ ಹಾಸಿಗೆಯಿಂದ ಏಳುವುದು ಕಷ್ಟವಾಯಿತು. ಆ ವರ್ಷ ಸುಣ್ಣ ಬಳಿಯುವ ಕೆಲಸ ನನ್ನದೇ ಆಯಿತು. ಬಕೆಟ್ಟು ಹಿಡಿದು ಹೊರಟಾಗ ಅಪ್ಪ ಮಲಗಿದಲ್ಲಿಂದಲೇ ಹೇಳಿದ, "ಎರಡು ಕೈ ಬಳಿ. ಮಳೆ ಹುಯ್ದರೂ ಅವಳ ಕಣ್ಣಿಗೆ ಬೀಳಬೇಕು." ಅದನ್ನು ಹೇಳುವಾಗ ಅವನಿಗೆ ಉಸಿರು ಸಾಲಲಿಲ್ಲ. ಇನ್ನು ಕಾಯುವುದು ಬೇಡ ಎಂದು ನಾನು ಅಂದೇ ತೀರ್ಮಾನ ಮಾಡಿದೆ. ಅವಳು ಕೋಪಿಸಿಕೊಂಡರೆ ಕೋಪಿಸಿಕೊಳ್ಳಲಿ, ಕೈ ಹಿಡಿದು ಎಳೆದುಕೊಂಡೇ ಬರುತ್ತೇನೆ.

ಹಬ್ಬದ ಹಿಂದಿನ ಮಧ್ಯಾಹ್ನ, ಶಾಲೆಯಲ್ಲಿ ಮೀಟಿಂಗ್ ಇದೆ ಎಂದು ಅಪ್ಪನಿಗೆ ಹೇಳಿ ಸ್ಮಶಾನಕ್ಕೆ ಹೋದೆ. ಮಳೆ ಬಂದು ನಿಂತಿತ್ತು. ನಮ್ಮ ಗೋರಿಗೆ ಸ್ವಲ್ಪ ದೂರದ ಬೇವಿನ ಮರದ ಕೆಳಗೆ, ಯಾರದೋ ಕಲ್ಲಿನ ಗೋರಿಯ ಅಂಚಿನ ಮೇಲೆ ಕೂತೆ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಒಬ್ಬ ಮುದುಕಿ ಬಂದಳು. ಕಪ್ಪಗೆ, ಗಟ್ಟಿಮುಟ್ಟಾಗಿ, ತಲೆ ಪೂರಾ ಬಿಳಿ. ಕಂಕುಳಲ್ಲಿ ಒಂದು ಹಿಡಿ ಪೊರಕೆ, ಕೈಯಲ್ಲಿ ಬಾಳೆಯೆಲೆಯ ಪೊಟ್ಟಣ. ಸೀದಾ ನಮ್ಮ ಗೋರಿಗೇ ಹೋದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗುಡಿಸತೊಡಗಿದಳು.

ಅಪ್ಪ ಹೇಳಿದ್ದು ಸುಳ್ಳಲ್ಲ, ದೇವರೇ, ಸುಳ್ಳಲ್ಲ! ಎದ್ದು ಅವಳ ಹಿಂದೆ ಹೋಗಿ ನಿಂತೆ. ಕನ್ನಡದಲ್ಲಿ ಏನು ಹೇಳಿ ಕರೆಯಬೇಕೆಂದು ವರ್ಷಗಳಿಂದ ಯೋಚಿಸಿಟ್ಟ ಮಾತೆಲ್ಲ ಮರೆತುಹೋಗಿತ್ತು. ಅಷ್ಟರಲ್ಲಿ ಅವಳು ಗೋರಿಯ ಜೊತೆ ಮಾತಾಡುವುದು ಕೇಳಿಸಿತು. ತಮಿಳು. ಕಡಲ ಕಡೆಯವರ ಅಪ್ಪಟ ತಮಿಳು. ಗಂಡನನ್ನು ಬೈಯುತ್ತಿದ್ದಳು, ಆರಾಮಾಗಿ ಮಲಗಿದ್ದೀಯಲ್ಲ ಎಂದು.

ನನ್ನ ನೆರಳು ಕಂಡು ತಿರುಗಿದಳು. "ಯಾರಮ್ಮಾ ನೀನು?"

"ಪಕ್ಕದ ಗೋರಿ" ಎಂದೆ ತಮಿಳಿನಲ್ಲಿ. ಅದೇ ಬಾಯಿಗೆ ಬಂದದ್ದು.

ಅವಳಿಗೆ ಮಾತು ಬೇಕಾಗಿತ್ತು. ತಿರುವೊಟ್ಟಿಯೂರಿನಿಂದ ಬಸ್ಸಿನಲ್ಲಿ ಬರುತ್ತಾಳಂತೆ. ಹಬ್ಬದ ದಿನ ಅಲ್ಲಿಯೇ ತಮ್ಮ ಕುಪ್ಪದವರ, ಅಂದರೆ ಮೀನುಗಾರರ ಕೇರಿಯವರ, ಗೋರಿಗಳಿಗೆ ಹೋಗಬೇಕು, ತನ್ನ ತಾಯಿ ತಂದೆ ಅಲ್ಲಿದ್ದಾರೆ, ಅದಕ್ಕೆ ಗಂಡನ ಹತ್ತಿರ ಹಿಂದಿನ ದಿನವೇ ಬರುವುದು. ಗಂಡ ಬಂದರಿನಲ್ಲಿ ಮೂಟೆ ಹೊರುತ್ತಿದ್ದ, ಆ ಕೆಟ್ಟ ಜ್ವರದ ವರ್ಷ ಸತ್ತ. ಗುಂಡಿ ತೋಡಿದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ, ಮಗ ಆಗ ಕೈಗೂಸು ಎಂದಳು.

ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ಫಾದರ್ ತೋರಿಸಿದ ಆ ಒತ್ತೊತ್ತು ಸಾಲುಗಳು. ಅಪ್ಪ ಬಸ್ರಾದಲ್ಲಿದ್ದಾಗ ಅಜ್ಜಿಯ ಮೇಲೆ ಇವಳ ಗಂಡನನ್ನು ಮಲಗಿಸಿದರೋ, ಇಲ್ಲ ತಿರುಗಿ ಬಂದ ಅಪ್ಪನೇ ಗುರುತು ತಪ್ಪಿ ಬೇರೆ ದಿಬ್ಬ ಹಿಡಿದನೋ, ಅದನ್ನು ಹೇಳುವವರು ಯಾರೂ ಇಲ್ಲ. ಅಷ್ಟು ವರ್ಷ ಮೇಣದಬತ್ತಿ ಹಚ್ಚಿದವಳು ಇವಳು. ಅತ್ತೆ ಯಾವತ್ತೂ ಬಂದಿರಲಿಲ್ಲ.

"ಇದು ನೋಡು" ಎಂದು ಮುದುಕಿ ನನ್ನ ಕೈ ಹಿಡಿದು ಗೋರಿಯ ಹತ್ತಿರ ಎಳೆದಳು. ನಾನು ಬಳಿದ ಸುಣ್ಣವನ್ನು ಅಂಗೈಯಿಂದ ಸವರಿದಳು. "ನನ್ನ ಮಗ ಬಳಿದಿರೋದು. ಜಗಳ ಮಾಡಿಕೊಂಡು ರಂಗೂನಿಗೆ ಹಡಗು ಹತ್ತಿದ. ಯುದ್ಧದಲ್ಲಿ ರಂಗೂನಿನವರೆಲ್ಲ ನಡೆದುಕೊಂಡು ವಾಪಸ್ ಬಂದರಲ್ಲ, ಅದಾದ ಮೇಲೆ ಈ ಗಾರೆ, ಈ ಸುಣ್ಣ. ವರ್ಷಾವರ್ಷ. ಈ ಶಿಲುಬೆ ನೋಡಿದೆಯಾ, ಎಂಥಾ ಕೆಲಸ! ಅಪ್ಪನ ಗೋರಿಗೆ ಮಗ ಅಲ್ಲದೆ ಇನ್ಯಾರು ಮಾಡ್ತಾರೆ? ನನ್ನ ಕೈಲಿ ಏಟು ತಿಂದು ಹೋದವನು, ಮುಖ ತೋರಿಸೋಕೆ ನಾಚಿಕೆ. ನಾನೂ ಕಾಯೋಕೆ ಬರೋದಿಲ್ಲ. ಅವನಾಗೇ ಬರಲಿ."

ಶಿಲುಬೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣ ಇತ್ತು. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ನೀನು ಪಕ್ಕದವಳಲ್ಲವಾ, ಅವನನ್ನು ಯಾವತ್ತಾದರೂ ನೋಡಿದ್ದೀಯಾ?" ಎಂದು ಕೇಳಿದಳು.

"ದೂರದಿಂದ ನೋಡಿದ್ದೇನೆ" ಎಂದೆ. "ಚೆನ್ನಾಗಿದ್ದಾನೆ."

ಅವಳು ನನ್ನ ಕೆನ್ನೆ ಸವರಿ ಬೆರಳಿಗೆ ಮುತ್ತಿಟ್ಟುಕೊಂಡಳು. ಪೊಟ್ಟಣ ಬಿಚ್ಚಿ ಕನಕಾಂಬರ ಇಟ್ಟಳು, ಮೇಣದಬತ್ತಿ ಹಚ್ಚಿದಳು. ನಾವಿಬ್ಬರೂ ಮಂಡಿಯೂರಿ ಒಂದು ಪರಲೋಕ ಮಂತ್ರ, ಮೂರು ಮರಿಯಮ್ಮನ ಜಪ ಹೇಳಿದೆವು. ಆಮೇಲೆ ಅವಳು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮನೆಗೆ ನಡೆದುಕೊಂಡೇ ಬಂದೆ. ಅಪ್ಪನಿಗೆ ನಿಜ ಹೇಳಬೇಕೆಂದು ಅರ್ಧ ದಾರಿ, ಹೇಳಬಾರದೆಂದು ಅರ್ಧ ದಾರಿ. ಅಷ್ಟು ಒಂಟಿ ನಾನು ಯಾವತ್ತೂ ಆಗಿರಲಿಲ್ಲ. ಇಷ್ಟು ದಿನ ಇದ್ದ ಅತ್ತೆ ಆ ಒಂದು ಸಂಜೆಯಲ್ಲಿ ಸತ್ತುಹೋದಳು, ಅದನ್ನು ಹೇಳಿಕೊಂಡು ಅಳಲು ಇದ್ದವನು ಒಬ್ಬ, ಅವನಿಗೇ ಹೇಳುವಂತಿಲ್ಲ. ಬಂದಾಗ ಅಪ್ಪ ನಿದ್ದೆ ಹೋಗಿದ್ದ.

ಹಬ್ಬದ ಬೆಳಿಗ್ಗೆ ಅವನಿಗೆ ದಿಂಬು ಒರಗಿಸಿ ಕೂರಿಸಿ, ಕಾಫಿ ಕೈಗೆ ಕೊಟ್ಟು ಹೇಳಿದೆ, "ಅಪ್ಪಾ, ನಿನ್ನೆ ಸಂಜೆ ನಾನು ಅಲ್ಲಿಗೆ ಹೋಗಿದ್ದೆ. ಕಂಡೆ."

"ಯಾರ್ನ?"

"ಅತ್ತೇನ."

ಅಪ್ಪ ಲೋಟವನ್ನು ತೊಡೆಯ ಮೇಲೆ ಇಳಿಸಿದ. ಅದನ್ನು ತೆಗೆದುಕೊಳ್ಳಲು ಹೋದವಳ ಕೈಯನ್ನು ತಳ್ಳಿದ. "ಹೆಂಗವಳೆ?"

"ತಲೆ ಪೂರಾ ಬೆಳ್ಳಗಾಗಿದೆ. ಗಟ್ಟಿಯಾಗಿದಾಳೆ. ತಿರುವೊಟ್ಟಿಯೂರಿಂದ ಬಸ್ಸಲ್ಲಿ ಬರ್ತಾಳಂತೆ. ಸುಣ್ಣ ಬಳಿದಿದ್ದನ್ನ ಕೈಯಲ್ಲಿ ಸವರಿ ಸವರಿ ನೋಡಿದ್ಲು. ಶಿಲುಬೆ ಮುಟ್ಟಿ ಕಣ್ಣಿಗೊತ್ತಿಕೊಂಡ್ಲು. ಎಂಥಾ ಕೆಲಸ ಅಂದ್ಲು."

ಇಷ್ಟರಲ್ಲಿ ಒಂದು ಮಾತೂ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

"ಕೋಪ ಐತಾ?"

"ಒಂಚೂರೂ ಇಲ್ಲ. ಅವಳಿಗೇ ನಾಚಿಕೆ."

ಅಪ್ಪ ಅತ್ತುಬಿಟ್ಟ. ವರ್ಕ್‌ಶಾಪಿನ ಸುತ್ತಿಗೆ ಹಿಡಿದು ಜಡ್ಡುಗಟ್ಟಿದ ಆ ಕೈಗಳಿಂದ ಮಕ್ಕಳ ಹಾಗೆ ಕಣ್ಣುಜ್ಜಿಕೊಂಡ. ಸರಿಯಾದದ್ದನ್ನೇ ಮಾಡಿದೆ ಎಂದುಕೊಂಡೆ.

"ಕನ್ನಡ ಮರ್ತಿಲ್ವಾ ಅವಳು?"

"ಇಲ್ಲ" ಎಂದೆ.

"ನನ್ನ ವಿಚಾರ ಕೇಳಿದ್ಲಾ?"

"ಕೇಳದೆ ಇರ್ತಾಳಾ? ಕೇಳಿದ್ಲು."

ಅಪ್ಪ ಮುಂದಕ್ಕೆ ಬಾಗಿದ. ಅವನ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ತುಂಟತನ ಬಂತು. "ಏನಂತ ಕೇಳಿದ್ಲು? ನನ್ನ ಏನಂತ ಕರೆದ್ಲು?"

ನಾನು ಬಾಯಿ ತೆರೆದೆ. ಅಪ್ಪನ ಚರ್ಚಿನ ಹೆಸರು ನನಗೆ ಗೊತ್ತಿತ್ತು, ವರ್ಕ್‌ಶಾಪಿನವರು ಕರೆಯುತ್ತಿದ್ದ ಹೆಸರು ಗೊತ್ತಿತ್ತು. ಒಬ್ಬ ಅಕ್ಕ ತನ್ನ ಎಂಟು ವರ್ಷದ ತಮ್ಮನನ್ನು ಏನೆಂದು ಕರೆಯುತ್ತಿದ್ದಳು ಎನ್ನುವುದನ್ನು ಯಾವ ಪಾದ್ರಿಯೂ ಬರೆದಿಟ್ಟಿರಲಿಲ್ಲ. 'ನಿಮ್ಮಪ್ಪ ಹೇಗಿದಾನೆ ಅಂದ್ಲು' ಎಂದು ಹೇಳಿದ್ದರೆ ಆಗಿಹೋಗುತ್ತಿತ್ತು. ದಿನವಿಡೀ ನಾಲ್ಕು ಜನಕ್ಕೆ ಬಾಯಿ ಮುಚ್ಚಿಸುವ ನನಗೆ ಆ ಗಳಿಗೆಯಲ್ಲಿ ಅಷ್ಟು ಮಾತು ಹೊಳೆಯಲಿಲ್ಲ.

ಅಪ್ಪ ನನ್ನನ್ನೇ ನೋಡುತ್ತಾ ಕಾದ. ಆಮೇಲೆ ಅವನ ಕಣ್ಣು ನಿಧಾನವಾಗಿ ನನ್ನ ಮುಖದಿಂದ ಕಿಟಕಿಯ ಕಡೆ ಸರಿಯಿತು.

"ಮರ್ತಿರ್ತಾಳೆ ಬುಡು" ಎಂದ. "ವಯಸ್ಸಾಯ್ತಲ್ಲ."

ಉಳಿದ ಕಾಫಿ ಕುಡಿದು ಲೋಟ ನನ್ನ ಕೈಗೆ ಕೊಟ್ಟ. ಅದಾದ ಮೇಲೆ ಅವನು ಅತ್ತೆಯ ಮಾತೆತ್ತಲಿಲ್ಲ. ಮುಂದಿನ ವರ್ಷ ಮಳೆಗಾಲಕ್ಕೆ ಮುಂಚೆಯೇ ಹೋಗಿಬಿಟ್ಟ. ಅಷ್ಟು ತಿಂಗಳು ಅವನ ಪಕ್ಕದಲ್ಲೇ ಕೂತು, ಗಂಜಿ ಕುಡಿಸಿ, ಬೆನ್ನು ಸವರಿ, ಅದೂ ಇದೂ ಮಾತಾಡಿದೆನಲ್ಲ, ಅವಳು ನಿನ್ನನ್ನು ಏನೆಂದು ಕರೆಯುತ್ತಿದ್ದಳು ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಆದರೆ ಕೇಳಿದ್ದರೆ, ನಾನು ಅತ್ತೆಯನ್ನು ಕಂಡೇ ಇರಲಿಲ್ಲ ಎಂದು ಇಬ್ಬರೂ ಒಪ್ಪಿಕೊಳ್ಳಬೇಕಾಗುತ್ತಿತ್ತು.